ಒಂದು ಹಲ್ಲು ಸಡಿಲ

ಕರಾಕೋಲ್ ಊರಿನ ಮೇಲಿನ ಹಿಮದ ಇಳಿಜಾರಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ನಡೆಸುತ್ತಿದ್ದೇನೆ. ಜನ ಕೆಳಗಿಂದ ಮೇಲೆ ಹೋಗುವುದು ನನ್ನ ಕೈಯಲ್ಲಿ, ಮೇಲಿಂದ ಕೆಳಗೆ ಬರುವುದು ಅವರವರ ಹಣೆಬರಹ. ಬೀಳುವವರನ್ನೂ ಹಾರುವವರನ್ನೂ ನೋಡಿ ನೋಡಿ, ಇನ್ನು ನನ್ನನ್ನು ಬೆರಗಾಗಿಸುವವರು ಯಾರೂ ಇಲ್ಲ ಎಂದು ಬೀಗುತ್ತಿದ್ದೆ. ಆ ಜಂಬವನ್ನು ಮುರಿದವಳು ಒಬ್ಬಳು ಮುದುಕಿ. ಹೀಗೆ ಮುದುಕಿ ಎಂದಿದ್ದು ಗೊತ್ತಾದರೆ ಅವಳು ನನ್ನ ಕಿವಿ ಹಿಂಡುತ್ತಾಳೆ. ಅವಳ ಹೆಸರು ಸಾಯ್ರಕಾನ್, ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅಕ್ಕ ಎಂಬ ಸಲಿಗೆಯಲ್ಲಿ ಇಡೀ ಬೆಟ್ಟ ಅವಳನ್ನು ಎಜೆ ಎಂದೇ ಕರೆಯುತ್ತದೆ.

ನನ್ನ ಲಿಫ್ಟಿನ ಪಕ್ಕದ ಬಾಡಿಗೆ ಕೋಣೆ ಅವಳದು. ಅಕ್ಟೋಬರ್ ಬಂತೆಂದರೆ ಯುರೋಪಿನವರು ಬಳಸಿ ಬಿಟ್ಟ ಸ್ನೋಬೋರ್ಡ್ ಬೈಂಡಿಂಗುಗಳು ಮೂಟೆ ಮೂಟೆಯಾಗಿ ಬಂದು ಅವಳ ಬಾಗಿಲಲ್ಲಿ ಬೀಳುತ್ತವೆ. ಬೂಟನ್ನು ಹಲಗೆಗೆ ಕಟ್ಟಿಹಿಡಿಯುವ ಸಲಕರಣೆ ಅದು. ಪಾದದಡಿಗೆ ಒಂದು ತಟ್ಟೆ, ಹಿಂದೆ ಕಾಲು ಒರಗಲು ಒಂದು ಬೆನ್ನು, ಕಣಕಾಲಿನ ಮೇಲೊಂದು, ಬೆರಳುಗಳ ಮೇಲೊಂದು ಪಟ್ಟಿ. ಪಟ್ಟಿಯ ತುದಿಯಲ್ಲಿ ಹಲ್ಲುಗಳಿರುತ್ತವೆ. ಬಕಲ್ ಎಳೆದಂತೆ ಕಟ್ ಕಟ್ ಎಂದು ಒಂದೊಂದೇ ಹಲ್ಲು ಬಿಗಿಯುತ್ತದೆ.

ಯಾವುದು ಹಾಯಾಗಿದೆ, ಯಾವುದು ಕೆಲಸಕ್ಕೆ ಬರುತ್ತದೆ ಎಂದು ಪರೀಕ್ಷಿಸುವ ಅವಳ ಬಗೆಯನ್ನು ನೋಡಲೆಂದೇ ಜನ ಬರುತ್ತಿದ್ದರು. ಅವಳಪ್ಪ ಸದಿರ್ ನಮ್ಮ ಕಡೆಯ ಹೆಸರಾಂತ ಜೀನುಗಾರ. ಕುದುರೆಯ ಬೆನ್ನಿಗೆ ಹಿಟ್ಟು ಉದುರಿಸಿ, ಹೊಸ ಜೀನು ಹಾಕಿ, ಒಂದು ಸುತ್ತು ಓಡಿಸಿ, ಜೀನು ತೆಗೆದು ನೋಡುತ್ತಿದ್ದ. ಹಿಟ್ಟು ಅಳಿಸಿಹೋದ ಕಡೆ ಜೀನು ಒತ್ತುತ್ತದೆ, ಹಾಗೇ ಉಳಿದ ಕಡೆ ತಾಗುವುದೇ ಇಲ್ಲ. ಮಗಳು ಬೂಟಿನ ಮೇಲೆ ಹಿಟ್ಟು ಸವರುತ್ತಾಳೆ. ಮೋಟು ಹಲಗೆಯೊಂದಕ್ಕೆ ಬೈಂಡಿಂಗ್ ಬಿಗಿದು, ಕಾಲು ಕಟ್ಟಿಕೊಂಡು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಂಚಿನ ಮೇಲಿಂದ ಧಡ್ ಎಂದು ನೆಲಕ್ಕೆ ಜಿಗಿಯುತ್ತಾಳೆ. ಒಂದು ಜೋಡಿಗೆ ಐವತ್ತು ಜಿಗಿತ. ನಮ್ಮ ಚಹಾದ ಬಟ್ಟಲುಗಳು ಅಲ್ಲಾಡುತ್ತಿದ್ದವು.

ಒಮ್ಮೆ ಅಲ್ಮಾಟಿಯಿಂದ ಬಂದ ಸವಾರನೊಬ್ಬ ಹೊಚ್ಚಹೊಸ ಬೈಂಡಿಂಗ್ ತೋರಿಸಿ ಮೆರೆಯುತ್ತಿದ್ದ. ಎಜೆ ಅದನ್ನು ಮೂಸಿದಳು, ಬಗ್ಗಿಸಿದಳು, ಅವನ ಬೂಟಿಗೆ ಹಿಟ್ಟು ಹಚ್ಚಿ ಹತ್ತು ಸಲ ಕುಣಿಸಿದಳು.

"ಎಡಗಾಲಿನ ಕಿರುಬೆರಳು ಮಧ್ಯಾಹ್ನದ ಹೊತ್ತಿಗೆ ಮರಗಟ್ಟುತ್ತೆ, ಹೌದೋ ಅಲ್ವೋ?"

ಅವನು ಬೂಟು ಬಿಚ್ಚಿ ಬೆರಳು ಸವರಿಕೊಂಡ. ಅವಳು ಹೇಳಿದ್ದು ನಿಜವಾಗಿತ್ತು. ಆಮೇಲೆ ಅವನು ಬಂದಾಗಲೆಲ್ಲ ಅವಳಿಗೆ ಸೇಬು ತರುತ್ತಿದ್ದ. ಸೇಬಿಗೇ ಹೆಸರಾದ ಊರಿನಿಂದ ಬಂದರೂ ಹುಳಿ ಸೇಬನ್ನೇ ಆರಿಸಿ ತರುತ್ತಿದ್ದ, ಅದು ಬೇರೆ ಮಾತು.

ಇಷ್ಟೆಲ್ಲ ಬಲ್ಲವಳಲ್ಲೂ ಒಂದು ತಪ್ಪಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಎನ್ನುವುದು ನನ್ನ ತಪ್ಪು.

ಅವಳ ಕೋಣೆಯ ಬಾಗಿಲ ಮೇಲೆ ಒಂದು ಕಬ್ಬಿಣದ ರಿಕಾಪು ತೂಗುತ್ತಿತ್ತು, ಸವಾರ ಕಾಲಿಡುವ ಬಳೆ, ಅದರ ತೊಗಲಿನ ಪಟ್ಟಿಯ ಸಮೇತ. ಹೊರಗಿನವರು ಅದನ್ನು ಶುಭಕ್ಕೆ ಕಟ್ಟಿದ್ದು ಎಂದುಕೊಳ್ಳುತ್ತಿದ್ದರು. ಊರಿನವರಿಗೆ ಗೊತ್ತು. ನಲವತ್ತು ವರ್ಷದ ಹಿಂದೆ ಅವಳಣ್ಣ ಜಪಾರ್ ಬೇಸಿಗೆಯ ಹುಲ್ಲುಗಾವಲಿನಿಂದ ಇಳಿಯುವಾಗ ಕುದುರೆ ಬೆದರಿತು. ಅವನು ಬಿದ್ದ, ಕಾಲು ಈ ರಿಕಾಪಿನಲ್ಲೇ ಸಿಕ್ಕಿಕೊಂಡಿತು. ಹೊಳೆಯವರೆಗೂ ಕುದುರೆ ಎಳೆದೊಯ್ಯಿತು, ಅಲ್ಲಿ ಸಿಕ್ಕಿದ್ದು ಅವನ ಹೆಣ. ಅಪ್ಪ ಹೊಲಿದ ತೊಗಲು, ಎಲ್ಲೂ ಹರಿಯಲಿಲ್ಲ. ಆಮೇಲೆ ಸದಿರ್ ಸೂಜಿ ಹಿಡಿಯಲಿಲ್ಲ.

ಅದಕ್ಕೇ ಎಜೆ ಪ್ರತಿ ಬೈಂಡಿಂಗಿನ ಕಣಕಾಲು ಪಟ್ಟಿಯ ಕೊನೆಯ ಹಲ್ಲನ್ನು ಅರದಿಂದ ಉಜ್ಜಿ ತೆಗೆದುಬಿಡುತ್ತಿದ್ದಳು. ಎಷ್ಟು ಬಿಗಿದರೂ ಒಂದು ಹಲ್ಲು ಸಡಿಲ. ಬಿದ್ದರೆ ಕಾಲು ಬಿಡಿಸಿಕೊಳ್ಳಲಿ ಎಂದು. ಮೆಲ್ಲಗೆ ಜಾರುವ ಬಾಡಿಗೆಯವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಹಾಯಾಗಿದೆ ಎಂದು ಹೊಗಳಿಯೇ ಹೋಗುತ್ತಿದ್ದರು.

ಆದರೆ ಬೆಗಿಮಾಯ್ ಮೆಲ್ಲಗೆ ಜಾರುವವಳಲ್ಲ. ಕುದುರೆ ಸಾಕುವವರ ಮನೆಯ ಹತ್ತೊಂಬತ್ತರ ಹುಡುಗಿ, ಎಜೆ ಕೊಟ್ಟ ಬೈಂಡಿಂಗನ್ನೇ ಕಟ್ಟುತ್ತಿದ್ದಳು. ಹಿಮದ ದಿಬ್ಬದಿಂದ ಹಾರಿ, ಗಾಳಿಯಲ್ಲಿ ಎರಡು ಸುತ್ತು ತಿರುಗಿ ಇಳಿಯುತ್ತಾಳೆ. ಮಾರ್ಚಿನಲ್ಲಿ ನಮ್ಮ ಬೆಟ್ಟದಲ್ಲೇ ಸ್ಪರ್ಧೆ. ಮೊದಲ ಇಬ್ಬರು ಹುಡುಗಿಯರಿಗೆ ದೇಶದ ತಂಡದಲ್ಲಿ ಜಾಗ. ಈ ಸಲ ಆಗದಿದ್ದರೆ ಹಲಗೆ ಬಿಟ್ಟು ಬಿಷ್ಕೆಕ್‌ನ ಹೊಲಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದಳು.

ಜನವರಿಯ ಮೊದಲ ವಾರದ ಒಂದು ಬೆಳಿಗ್ಗೆ ನನ್ನ ಕಣ್ಣೆದುರೇ ಅವಳು ಹಾರಿದಳು. ಹಾರುವಾಗಲೇ ಬಲಗಾಲಿನ ಹಿಮ್ಮಡಿ ಬೈಂಡಿಂಗಿನೊಳಗೆ ಮೇಲೆದ್ದಿತು. ಅವಳು ತಿರುಗಿದಳು, ಹಲಗೆ ಹಿಂದೆ ಉಳಿಯಿತು. ಇಳಿದಾಗ ಮಂಡಿ ಒಂದು ಕಡೆ, ಹಲಗೆ ಇನ್ನೊಂದು ಕಡೆ. ಪುಣ್ಯಕ್ಕೆ ಮಂಡಿ ಮುರಿಯಲಿಲ್ಲ, ಬರೀ ಉಳುಕಿತು. ಮೂರು ವಾರ ಮಂಚ.

ಎದ್ದ ದಿನವೇ ಕುಂಟುತ್ತಾ ಎಜೆಯ ಕೋಣೆಗೆ ಬಂದಳು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಹುಡುಗಿ ಕೈಯಲ್ಲಿದ್ದ ಬೈಂಡಿಂಗನ್ನು ಬೆಂಚಿನ ಮೇಲೆ ಕುಕ್ಕಿದಳು.

"ಎಜೆ, ಇಲ್ಲೊಂದು ಹಲ್ಲಿತ್ತಲ್ಲ, ಎಲ್ಲಿ?"

ಎಜೆ ಸುಳ್ಳು ಹೇಳುವವಳಲ್ಲ. "ನಾನೇ ಉಜ್ಜಿ ತೆಗ್ದೆ."

"ನೀವೇ ತೆಗೆದ್ರಾ? ಯಾಕೆ?"

ಎಜೆಯ ಕಣ್ಣು ಬಾಗಿಲ ಮೇಲಕ್ಕೆ ಹೋಯಿತು. ಬೆಗಿಮಾಯ್ ಕೂಡ ಅತ್ತ ನೋಡಿದಳು. ಅವಳ ದನಿ ಒಂದು ಗಳಿಗೆ ಇಳಿಯಿತು, ಆಮೇಲೆ ಇಮ್ಮಡಿಯಾಗಿ ಏರಿತು.

"ನಂಗೊತ್ತು ಎಜೆ, ನಮ್ಮನೇಲೂ ಆ ಕಥೆ ಹೇಳೇ ಬೆಳೆಸಿದಾರೆ. ಆದ್ರೆ ಅದು ಕುದುರೆ! ಇದು ಹಲಗೆ! ನೀವು ಬೆಂಚಿಂದ ಹಾರಿದ್ದೇ ಆಯ್ತು, ಒಂದ್ಸಲನಾದ್ರೂ ಹಿಮದ ಮೇಲೆ ಇದನ್ನ ಕಟ್ಕೊಂಡು ನಿಂತಿದೀರಾ?"

ಬಾಗಿಲು ಬಡಿದುಕೊಂಡು ಹೋದಳು. ನಾನು ಸಮಾಧಾನ ಹೇಳಲು ಹೋದೆ. "ಬಿಡು ಎಜೆ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ನಾಳೆ ಅವಳೇ ಬರ್ತಾಳೆ."

"ಅವಳು ಬರೋದು ಬಿಡೋದು ಹಾಗಿರ್ಲಿ ಎಸೆಂಕುಲ್," ಎಂದಳು. "ಕೇಳಿದ್ದಕ್ಕೆ ನನ್ ಹತ್ರ ಉತ್ತರ ಇಲ್ವಲ್ಲ."

ಸೋಮವಾರ ಬೆಳಿಗ್ಗೆ ನನ್ನ ಲಿಫ್ಟಿನ ಸಾಲಿನಲ್ಲಿ, ಬಣ್ಣಬಣ್ಣದ ಎಳೆಯರ ನಡುವೆ, ತಲೆಗೆ ಉಣ್ಣೆಯ ಶಾಲು ಸುತ್ತಿ ಸಾಯ್ರಕಾನ್ ಎಜೆ ನಿಂತಿದ್ದಳು. ಕಂಕುಳಲ್ಲಿ ಸ್ನೋಬೋರ್ಡ್.

"ಎಜೆ, ತಲೆ ಕೆಟ್ಟಿದ್ಯಾ? ಸೊಂಟ ಮುರ್ಕೊಂಡ್ರೆ ನಿನ್ ಗಂಡಂಗೆ ನಾನೇನ್ ಹೇಳ್ಲಿ?"

"ಸೂಪು ಒಲೆ ಮೇಲಿದೆ ಅಂತ ಹೇಳು. ಈಗ ನನ್ನ ಮೇಲಕ್ಕೆ ಹತ್ತಿಸೋ ಸುಮ್ನೆ."

ಮೊದಲ ದಿನ ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆಯೇ ಆಯಿತು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಹುಡುಗರು ನಗುತ್ತಾ ಫೋನಿನಲ್ಲಿ ಚಿತ್ರ ಹಿಡಿದರು. ಎರಡನೆಯ ದಿನ ನಗುವವರು ಕಡಿಮೆಯಾದರು. ನಾಲ್ಕನೆಯ ದಿನ ಅವಳು ಒಂದು ಇಳಿಜಾರನ್ನು ಪೂರಾ ಇಳಿದು ಬಂದಾಗ ಯಾರೂ ನಗಲಿಲ್ಲ. ನಾನಂತೂ ಲಿಫ್ಟಿನ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಬೆಪ್ಪಾಗಿ ನೋಡುತ್ತಿದ್ದೆ. ಇವಳು ಸವಾರಿ ಕಲಿಯಲು ಬಂದಿರಲಿಲ್ಲ, ಹುಡುಗಿಯ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಬಂದಿದ್ದಳು. ಅಷ್ಟಕ್ಕಾಗಿ ಈ ವಯಸ್ಸಿನಲ್ಲಿ ಮೈಯೆಲ್ಲ ನೀಲಿಗಟ್ಟಿಸಿಕೊಂಡಿದ್ದಳು. ಅಂಥ ಎದೆ ನನಗಿಲ್ಲ.

ಆ ದಿನದಿಂದ ಅವಳು ಒಂದು ಸುತ್ತು ಸಡಿಲ ಪಟ್ಟಿಯಲ್ಲಿ, ಒಂದು ಸುತ್ತು ಬಿಗಿ ಪಟ್ಟಿಯಲ್ಲಿ ಇಳಿದಳು. ಮೂರು ಜೋಡಿ ಬೈಂಡಿಂಗುಗಳನ್ನು ಬದಲಾಯಿಸಿ ನೋಡಿದಳು. ಆರನೆಯ ದಿನ ಮಧ್ಯಾಹ್ನ ನನ್ನ ಗುಡಿಸಲಿಗೆ ಬಂದು, ಬೂಟು ಬಿಚ್ಚಿ, ಕಾಲನ್ನು ಒಲೆಗೆ ಚಾಚಿ ಕೂತಳು.

"ಕುದುರೆಗೆ ಜೀವ ಇದೆ ಕಣೋ. ಹೆದರುತ್ತೆ, ನಾವು ಬಿದ್ರೂ ಅದು ಓಡುತ್ತೆ. ಅದಕ್ಕೆ ಕಾಲು ಬಿಡಿಸ್ಕೊಳ್ಬೇಕು. ಈ ಹಲಗೆಗೆ ಹೆದರಿಕೆ ಗೊತ್ತಿಲ್ಲ, ನಾವು ನಿಂತ್ರೆ ಇದೂ ನಿಲ್ಲುತ್ತೆ. ಒಂದು ಕಾಲು ಕಿತ್ಕೊಂಡು ಬಂತು ಅನ್ನು, ಇನ್ನೊಂದು ಕಾಲಿಗೆ ಇಡೀ ಹಲಗೆ ತಿರುಚ್ಕೊಳ್ಳುತ್ತೆ. ಇಲ್ಲಿ ಸಡಿಲಾನೇ ಆಪತ್ತು." ಒದ್ದೆ ಬೂಟನ್ನು ಒಲೆಯ ಪಕ್ಕಕ್ಕೆ ಸರಿಸಿದಳು. "ಇಷ್ಟು ವರ್ಷ ನಾನು ಎಲ್ಲರ ಕಾಲಿಗೂ ಆಪತ್ತು ಕಟ್ಟಿ ಕಳಿಸಿದೀನಿ."

"ನಂಗೂ ಗೊತ್ತಿತ್ತಲ್ಲ ಎಜೆ, ನೀನು ಉಜ್ಜೋದು. ನಾನೂ ಹೇಳ್ಲಿಲ್ಲ."

"ಹೌದು, ನೀನೂ ಕತ್ತೆನೇ," ಎಂದಳು. ಅದರಲ್ಲಿ ಕೋಪವಿರಲಿಲ್ಲ.

ಫೆಬ್ರವರಿ ಪೂರಾ ಅವಳು ಕೋಣೆಯಲ್ಲಿದ್ದ ಪಟ್ಟಿಗಳನ್ನೆಲ್ಲ ಬದಲಾಯಿಸಿದಳು. ಬೆಗಿಮಾಯ್‌ಗೆ ಮಾತ್ರ ಬೇರೆಯೇ ಜೋಡಿ. ಅವಳನ್ನು ಕರೆಸಿ, ಬೂಟಿಗೆ ಹಿಟ್ಟು ಹಚ್ಚಿ, ಹಾರಿಸಿ, ಬಿಚ್ಚಿ, ಮತ್ತೆ ಹಚ್ಚಿದಳು. ಹಿಂದಿನ ಬೆನ್ನನ್ನು ಮೆತ್ತಗಿನದಕ್ಕೆ ಬದಲಾಯಿಸಿದಳು. ಕಣಕಾಲು ಪಟ್ಟಿಗಳ ಮೆತ್ತೆಯನ್ನು ಬಿಚ್ಚಿ ಹೊಸದಾಗಿ ಹೊಲಿದಳು.

"ಹಿಮ್ಮಡಿ ಹಿಡಿದಿರ್ಬೇಕು, ಕಾಲು ಪಕ್ಕಕ್ಕೆ ಬಗ್ಗೋಕೆ ಬಿಡ್ಬೇಕು," ಎಂದು ಗೊಣಗುತ್ತಿದ್ದಳು. "ಬರೀ ಬಿಗಿದ್ರೆ ಮರಗಟ್ಟುತ್ತೆ. ಬಿಗಿನೂ ಇರ್ಬೇಕು, ನೋವೂ ಇರ್ಬಾರ್ದು."

"ಎಜೆ, ನನ್ ಮದುವೆಗೂ ಗಂಡನ್ನ ನೀವೇ ಹೀಗೆ ಹಿಟ್ಟು ಹಚ್ಚಿ ನೋಡ್ಬಿಡಿ," ಎಂದು ಬೆಗಿಮಾಯ್ ನಕ್ಕಳು. ಮುನಿಸು ಅಷ್ಟರಲ್ಲಿ ಕರಗಿತ್ತು. ಆ ದಿನಗಳಲ್ಲೇ ಒಮ್ಮೆ ಬಾಗಿಲ ಮೇಲಿನ ರಿಕಾಪು ತೊಗಲಿನಲ್ಲಲ್ಲ, ತಂತಿಯಲ್ಲಿ ತೂಗುವುದನ್ನು ಕಂಡೆ. ತೊಗಲು ಹಳತಾಗಿ ಲಡ್ಡಾಗಿರಬೇಕು ಎಂದುಕೊಂಡೆ.

ಸ್ಪರ್ಧೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಪ್ರತಿಯೊಬ್ಬರಿಗೂ ಎರಡು ಸರದಿ. ಎಜೆ ದಿಬ್ಬದ ಬುಡದಲ್ಲಿ, ಲಿಫ್ಟಿನ ಬಳಿ ನನ್ನ ಪಕ್ಕ ನಿಂತಳು. ಇಷ್ಟು ವರ್ಷ ಯಾರಾದರೂ ಹಾರುವಾಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಈ ಸಲ ತಿರುಗಿಸಲಿಲ್ಲ.

ಮೊದಲ ಸರದಿಯಲ್ಲಿ ಬೆಗಿಮಾಯ್ ಬಿದ್ದಳು. ಹಲಗೆಯ ಅಂಚು ಹಿಮಕ್ಕೆ ಸಿಕ್ಕಿ, ತಲೆಕೆಳಗಾಗಿ, ಮೂರು ನಾಲ್ಕು ಪಲ್ಟಿ ಹೊಡೆದು, ಹಿಮದ ಧೂಳಿನೊಳಗೆ ಮಾಯವಾದಳು. ಎಜೆ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಆಮೇಲೆ ಒಂದು ವಾರ ಗುರುತಿತ್ತು. ಅವಳ ಕಣ್ಣು ಹುಡುಗಿಯ ಕಾಲಿನ ಮೇಲೇ ಇತ್ತು. "ಬಿಡ್ಬೇಡ," ಎಂದು ಪಿಸುಗುಟ್ಟುತ್ತಿದ್ದಳು, "ಬಿಡ್ಬೇಡ, ಬಿಡ್ಬೇಡ."

ಧೂಳು ಇಳಿಯಿತು. ಎರಡೂ ಕಾಲು ಹಲಗೆಯ ಮೇಲೇ ಇದ್ದವು. ಬೆಗಿಮಾಯ್ ಒಂದು ಗಳಿಗೆ ಅಂಗಾತ ಮಲಗಿದ್ದು, ಮಂಡಿ ಮಡಚಿ ನೋಡಿಕೊಂಡು, ಎದ್ದು ನಿಂತು ಕೈ ಬೀಸಿದಳು.

ಎರಡನೆಯ ಸರದಿಯಲ್ಲಿ ಅವಳು ಹಾರಿದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಹುಡುಗಿಗೂ ಹಲಗೆಗೂ ನಡುವೆ ಕೂದಲೆಳೆಯಷ್ಟು ಜಾಗವೂ ಕಾಣಲಿಲ್ಲ. ಇಳಿದಾಗ ಹಿಮ್ಮಡಿ ಅಲುಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಿಸಿಲಿಗೆ ಎಂದು ಪಕ್ಕದವನಿಗೆ ಸುಳ್ಳು ಹೇಳಿದೆ. ಫಲಿತಾಂಶದ ಹಲಗೆಯಲ್ಲಿ ಅವಳ ಹೆಸರು ಎರಡನೆಯದು.

ಅವಳು ನೇರ ನಮ್ಮ ಕಡೆ ಜಾರಿಕೊಂಡು ಬಂದಳು. ಎಜೆ ಹಿಮದಲ್ಲಿ ಮಂಡಿಯೂರಿ ತಾನೇ ಬಕಲ್ ಬಿಚ್ಚಿದಳು.

"ನೋವಿದ್ಯಾ?"

"ಎಲ್ಲಾ ಕಡೆ ಇದೆ ಎಜೆ, ಪಾದದಲ್ಲಿ ಮಾತ್ರ ಇಲ್ಲ," ಎಂದು ಹುಡುಗಿ ಅಳುತ್ತಾ ನಗುತ್ತಾ ತಾಯಿಯನ್ನು ಹುಡುಕಿಕೊಂಡು ಓಡಿದಳು.

ಆ ಪಲ್ಟಿಯಲ್ಲಿ ಬಲಗಾಲಿನ ಮೆತ್ತೆಯ ಬಟ್ಟೆ ಹರಿದಿತ್ತು. ಒಳಗೆ ಕಂದು ತೊಗಲು ಇಣುಕುತ್ತಿತ್ತು. ಅಂಚಿನಲ್ಲಿ ಎರಡು ಸೂಜಿಯ ಹೊಲಿಗೆ, ಮೀನಿನ ಮುಳ್ಳಿನ ಹಾಗೆ ಸಾಲಾಗಿ. ಸದಿರ್ ಹೊಲಿದ ಜೀನಿನ ಮೇಲೆ ಕೂತೇ ಬೆಳೆದವನು ನಾನು, ಆ ಹೊಲಿಗೆ ನನಗೆ ಗೊತ್ತು. ತಂತಿಯಲ್ಲಿ ತೂಗುತ್ತಿದ್ದ ರಿಕಾಪು ಕಣ್ಣ ಮುಂದೆ ಬಂತು.

"ಎಜೆ, ಇದು ಜಪಾರ್..."

ಅವಳು ಹರಿದ ಬಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿದಳು.

"ನಲವತ್ತು ವರ್ಷ ಇದನ್ನ ಬೈದೆ ಕಣೋ, ಯಾಕೆ ಬಿಡ್ಲಿಲ್ಲ ಅಂತ. ಅಪ್ಪನ್ನೂ ಬೈದೆ, ಯಾಕಷ್ಟು ಗಟ್ಟಿ ಹೊಲ್ದೆ ಅಂತ. ಅವನು ಅದನ್ನ ಕೇಳ್ಕೊಂಡೇ ಸತ್ತ." ಮೂಗು ಒರೆಸಿಕೊಂಡಳು. "ತೊಗಲಿಗೆ ಏನ್ ಗೊತ್ತು? ಹಿಡ್ಕೊ ಅಂದ್ರು, ಹಿಡ್ಕೊಂಡಿತ್ತು."

ಮೇಲೆ ಹೋಗಲು ಕಾಯುತ್ತಿದ್ದವರು ನನ್ನ ಹೆಸರು ಹಿಡಿದು ಕೂಗತೊಡಗಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಅವರನ್ನು ಕಾಯಿಸಿದೆ.