ಮ್ವಾಲಿಮು ಹಾಡದ ಪಾಠ

ನಿನ್ನೆ ವೆಸ್ಟ್‌ಲ್ಯಾಂಡ್ಸ್‌ನ ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದೆ. ಟ್ಯಾಕ್ಸಿ ಡ್ರೈವರ್ ನೆಗಡಿ ತಾಳಲಾರದೆ ಕರ್ಚೀಫಿಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಸಿದ. ಅಷ್ಟೇ ಸಾಕಾಯಿತು ನೋಡಿ, ಮುಂದಿದ್ದ ಮಟಾಟು ವ್ಯಾನಿನ ಹಾರ್ನು, ಹೊಗೆ ಎಲ್ಲ ಮರೆತು ನಾನು ಕರೆನ್ ಬಡಾವಣೆಯ ಒಂದು ಮನೆಯ ಹಾಲ್‌ನಲ್ಲಿದ್ದೆ. ಆ ಮನೆಗೆ ಯಾವಾಗ ಹೋದರೂ ಇದೇ ವಾಸನೆ. ವಂಬುಯಿ ಮೇಡಂ ದಿನಾ ಬೆಳಿಗ್ಗೆ ಗಂಟಲಿಗೆ ನೀಲಗಿರಿ ಹಬೆ ತೆಗೆದುಕೊಳ್ಳುತ್ತಿದ್ದರು.

ಹಾಡು ಕಲಿಯಲು ಹೋಗುತ್ತಿದ್ದ ನಾವೆಲ್ಲ ಅವರನ್ನು ಮ್ವಾಲಿಮು ಎನ್ನುತ್ತಿದ್ದೆವು. ಇಲ್ಲಿನ ಸ್ವಾಹಿಲಿಯಲ್ಲಿ ಟೀಚರ್ ಅಂತ. ಯೂರೋಪಿನಲ್ಲಿ ವರ್ಷಗಟ್ಟಲೆ ಒಪೆರಾ ಹಾಡಿದವರು. ಸೊಪ್ರಾನೊ, ಅಂದರೆ ಹೆಂಗಸರ ದನಿಗಳಲ್ಲೇ ತೀರಾ ಮೇಲಿನದು. ಮೈಕಿಲ್ಲದೆ, ಅಷ್ಟು ದೊಡ್ಡ ವಾದ್ಯವೃಂದವನ್ನು ಮೀರಿ, ಕೊನೇ ಸಾಲಿನವರಿಗೂ ಕೇಳಿಸಬೇಕಂತೆ. ಅದನ್ನೆಲ್ಲ ಬಿಟ್ಟು ಊರಿಗೆ ಬಂದು ಪಾಠ ಹೇಳಲು ಯಾಕೆ ಕೂತರು ಅಂತ ಕೇಳುವ ಬುದ್ಧಿ ನನಗಿರಲಿಲ್ಲ.

ನಾನೋ, ಮೈಸೂರಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತು, ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ಬಚ್ಚಲುಮನೆಯಲ್ಲಷ್ಟೇ ಹಾಡುವ ಗಾಯಕಿ. ನಾಲ್ಕು ಜನರೆದುರು ಬಾಯಿಬಿಡಲು ಹೆದರಿಕೆ. ಆ ಹೆದರಿಕೆ ಹೋಗಲಿ ಅಂತಲೇ ಇವರ ಪಾಠಕ್ಕೆ ಸೇರಿದ್ದು. ಮೊದಲ ದಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾಳಕ್ಕೆ ತೊಡೆಯ ಮೇಲೆ ಕೈಯಿಟ್ಟು ಕಾದೆ. ಪಿಯಾನೊ ಮುಂದೆ ಕೂತು ಅವರೂ ಕಾದರು. ಒಳ್ಳೇ ಫಜೀತಿ!

“ಹಾಡು” ಎಂದರು.

“ನೀವು ಮೊದಲು ಹಾಡಿ, ನಾನು ಹಾಗೇ ಹೇಳ್ತೀನಿ.”

“ನಾನು ಹಾಡೋದಿಲ್ಲ. ಪಿಯಾನೊ ಕೇಳಿಸ್ಕೊ.”

ಗುರು ಹಾಡದೆ ಶಿಷ್ಯೆ ಹಾಡುವುದುಂಟೇ? ನಮ್ಮ ಕಡೆ ಪಾಠ ಅಂದರೇ ಅದು: ಅವರು ಒಂದು ಸಲ, ನಾವು ಎರಡು ಸಲ. ನಾನು ಬಿಡಲಿಲ್ಲ. ವಾರ ವಾರವೂ ಅದೇ ವರಾತ. “ಒಂದೇ ಸಾಲು ಮ್ವಾಲಿಮು, ದಯವಿಟ್ಟು.” ಈಗ ನೆನೆಸಿಕೊಂಡರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ಶನಿವಾರ ರೋಸಿಹೋಯಿತೋ ಏನೋ, ಎದ್ದು ನಿಂತು ಒಂದು ಪ್ರಾರ್ಥನೆಯ ಹಾಡು ಹಾಡಿಯೇಬಿಟ್ಟರು. ಅಬ್ಬಾ! ಕಿಟಕಿಯ ಗಾಜು ಗುಂಯ್‌ಗುಟ್ಟಿತು. ದನಿ ಮೇಲೆ ಮೇಲೆ ಹೋಗಿ, ತುತ್ತತುದಿಯಲ್ಲಿ ಚಟ್ಟನೆ ಒಡೆದು, ಒಂದು ಕ್ಷಣ ಬರೀ ಗಾಳಿಯಾಗಿ, ಮತ್ತೆ ಕೂಡಿಕೊಂಡು ಇಳಿಯಿತು. ಅವರು ಮುಖ ತಿರುಗಿಸಿಕೊಂಡರು. ನಾನೋ ಮಹಾ ವಿಧೇಯ ಶಿಷ್ಯೆ. ಅದೂ ಒಂದು ಗಮಕ ಅಂದುಕೊಂಡು, ಕಣ್ಣು ಮುಚ್ಚಿ, ನನ್ನ ತಗ್ಗಿನ ಶ್ರುತಿಯಲ್ಲೇ, ಆ ಒಡಕಿನ ಸಮೇತ ಚಾಚೂ ತಪ್ಪದೆ ಒಪ್ಪಿಸಿದೆ.

ಕಣ್ಣು ಬಿಟ್ಟರೆ ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು, ನಗುತ್ತಾ ನಗುತ್ತಾ ಅತ್ತರು. ಗಂಟಲಿನ ಆಪರೇಷನ್ ಆಗಿ ಮೇಲಿನ ಸ್ವರಗಳು ಹೋದದ್ದನ್ನು ಆಗಲೇ ಹೇಳಿದ್ದು. ಆಮೇಲೆ ಒಬ್ಬರೆದುರು ಹಾಡಿದ್ದು ಅದೇ ಮೊದಲಂತೆ.

“ಆ ಜಾಗ ಬಂದರೆ ಜನ ಪಾಪ ಅಂತಾರಲ್ಲ, ಅದಕ್ಕೇ ಬಿಟ್ಟೆ. ನೀನೊಬ್ಬಳು ಅದನ್ನೂ ಕಲಿಯೋಕೆ ನಿಂತೆ” ಎಂದರು.

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ಆದರೆ ಮುಂದಿನ ವಾರದಿಂದ ಮೊದಲ ಸಾಲು ಅವರೇ ಹಾಡತೊಡಗಿದರು, ಆ ಹಾಲ್‌ನೊಳಗೆ ಮಾತ್ರ.

ನಿನ್ನೆ ಮನೆಗೆ ಬಂದವಳೇ ಫೋನ್ ಮಾಡಿದೆ. ಪಾಠ ನಿಂತು, ಮಾತಾಡಿ ಎರಡು ವರ್ಷವಾಗಿತ್ತು. “ನಾಳೆ ಚರ್ಚಿನಲ್ಲಿ ಹಾಡ್ತಿದ್ದೀನಿ, ಒಬ್ಬಳೇ. ನೀನು ನನ್ನಿಂದ ಹಾಡಿಸಿದ ಹಾಡೇ. ಬರ್ತೀಯಾ?” ಅಂದರು. ಇವತ್ತು ಬೆಳಿಗ್ಗೆ ಹೋದೆ. ಚರ್ಚಿನ ತುಂಬಾ ಜನ. ಆ ಸ್ವರ ಹತ್ತಿರವಾದಂತೆ ನಾನು ಮುಂದಿನ ಬೆಂಚನ್ನು ಹಿಡಿದುಕೊಂಡೆ. ಒಡೆದೇ ಒಡೆಯಿತು. ಅವರು ಮುಖ ತಿರುಗಿಸಲಿಲ್ಲ, ನಿಲ್ಲಲಿಲ್ಲ, ಹಾಡು ಮುಗಿಸಿಯೇ ಕೂತರು. ನಾನು ಅಕ್ಕಪಕ್ಕದವರ ಪರಿವೆಯಿಲ್ಲದೆ ಅತ್ತೆ.

ಆಚೆ ಅಂಗಳದಲ್ಲಿ ಜನ “ಅಸಾಂಟೆ, ಮ್ವಾಲಿಮು” ಎಂದು ಧನ್ಯವಾದ ಹೇಳುತ್ತಾ ಅವರನ್ನು ಮುತ್ತಿಕೊಂಡಿದ್ದರು. ನನ್ನನ್ನು ಕಂಡದ್ದೇ ಕೈಹಿಡಿದು ಎಳೆದುಕೊಂಡರು. “ನಾನು ಹಾಡಿದ್ದಾಯ್ತು. ಎಲ್ಲಿ, ಈಗ ನೀನು ಹೇಳು.”

ಅಷ್ಟೂ ಜನ ನನ್ನ ಕಡೆ ತಿರುಗಿದರು. ಈ ಸಲ ಕಣ್ಣು ಮುಚ್ಚದೆ ಶುರುಮಾಡಿದೆ. ಆ ಜಾಗ ಬಂದಾಗ, ದೇವರಾಣೆಗೂ ಬೇಕಂತ ಮಾಡಲಿಲ್ಲ, ನನ್ನ ದನಿಯೂ ಒಡೆಯಿತು. ನಾನೂ ನಿಲ್ಲಲಿಲ್ಲ.