ಕುರಿದೊಡ್ಡಿಯ ಬಿಳಿ ಬೆಳಕು

ಆ ಸಂಜೆ ಕಾಕಾನ ಕೈಯನ್ನು ತಡೆದದ್ದು ನಾನೋ ಕಾಕಿಯೋ, ಈಗ ಖಚಿತವಾಗಿ ಹೇಳಲಾರೆ. ನಾನೇ ಎಂದು ಹಲವು ಕಡೆ ಹೇಳಿಕೊಂಡಿದ್ದೇನೆ. ಹೇಳಿ ಹೇಳಿ ನೆನಪು ನನ್ನ ಪರವಾಗಿ ವಾಲಿದೆಯೆಂಬ ಗುಮಾನಿಯೂ ಇದೆ. ಬೆಳಕಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಬಸವಕಲ್ಯಾಣದಲ್ಲಿ ಶಾಲೆ, ಅಂಗಡಿ, ಕಲ್ಯಾಣಮಂಟಪಗಳಿಗೆ ಹೋಗಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಹಾಗಾಗಿ ಘಾಟಬೋರಾಳದಲ್ಲಿ ಕಾಕಾನ ಕುರಿದೊಡ್ಡಿಯೊಳಗೆ ನೂರು ವ್ಯಾಟಿನ ಹಳೆಯ ಹಳದಿ ಬಲ್ಬು ಉರಿಯುವುದನ್ನು ಕಂಡು ಸುಮ್ಮನಿರಲಾಗಲಿಲ್ಲ. ಹುಮನಾಬಾದಿನಲ್ಲಿ ತಳ್ಳುಗಾಡಿಯವನಿಂದ ಹನ್ನೆರಡು ವ್ಯಾಟಿನ ಅಗ್ಗದ ಎಲ್‌ಇಡಿ ತಂದು ಹಾಕಿದೆ. ಹಾಲಿನಂಥ ಬೆಳಕು. ದೊಡ್ಡಿಯ ಮೂಲೆಮೂಲೆಯೂ ಕಂಡಿತು. ಕಾಕಾ ಖುಷಿಯಾದ.

ಹೊಟ್ಟೆಯಲ್ಲಿ ಹುಳ ಹೆಚ್ಚಾದರೆ ಕುರಿಗೆ ರಕ್ತ ಕಡಿಮೆಯಾಗಿ ಕೆಳರೆಪ್ಪೆಯ ಒಳಮೈ ಬಿಳಿಚಿಕೊಳ್ಳುತ್ತದೆ. ಬಯಲಲ್ಲಿ ಕುರಿ ಕೈಗೆ ಸಿಗುವುದಿಲ್ಲ, ಬೆಳಿಗ್ಗೆ ಹೊರಡುವ ಗಡಿಬಿಡಿ. ಆದ್ದರಿಂದ ಮೇಯ್ದು ಬಂದವನ್ನು ಸಂಜೆ ಬಲ್ಬಿನ ಕೆಳಗೆ ಹಿಡಿದು ರೆಪ್ಪೆ ಮಗುಚಿ ನೋಡುವುದು ಕಾಕಾನ ರೂಢಿ. ಎರಡು ವಾರ ಬಿಟ್ಟು ನಾನು ಮತ್ತೆ ಹೋದಾಗ ಅವನು ಜಂತುಹುಳದ ದವಾ ತಂದು, ಒಂದು ಕುರಿಯ ಬಾಯಿ ತೆರೆದು ಹಿಡಿದಿದ್ದ.

"ಒಂದರ ಕಣ್ಣಾಗೂ ರಗತಿಲ್ಲ. ಎಲ್ಲಾ ಬೆಳ್ಳಗಾಗ್ಯಾವ," ಎಂದ.

"ಟಗರು ಬಿಟ್ಟು ಇನ್ನಾ ಇಪ್ಪತ್ತ ದಿನ ಆಗಿಲ್ಲ. ಗಬ್ಬದ ಕುರಿಗಿ ಯಾಕ ಹಾಕಾಕತ್ತೀರಿ? ಕಂದು ಹಾಕಿದ್ರ?" ಕಾಕಿ ಅಡ್ಡ ನಿಂತಿದ್ದಳು. ಕಂದು ಹಾಕುವುದೆಂದರೆ ಗರ್ಭಪಾತ. ಆ ವರ್ಷದ ಮರಿಗಳೆಲ್ಲ ಆ ಒಂದು ಬಾಟಲಿಯಿಂದ ಹೋಗಿಬಿಡಬಹುದಿತ್ತು.

"ಮತ್ತ ಸಾಯಾಕ ಬಿಡ್ಲೇನು?"

"ಸಾಯೂ ಕುರಿ ಹಿಂಗ ಮೇಯ್ತಾವೇನ್ರಿ?"

ನಾನೂ ರೆಪ್ಪೆ ಮಗುಚಿ ನೋಡಿದೆ. ನಿಜವಾಗಿಯೂ ಬಿಳಿಚಿತ್ತು. ಕಾಕಾ ಹೇಳಿದ್ದೇ ಸರಿ ಎಂದೆನೇನೋ. ಇಲ್ಲಿಂದ ಮುಂದೆ ನೆನಪು ಎರಡಾಗುತ್ತದೆ. ನನ್ನ ಪ್ರಕಾರ, ಪರೀಕ್ಷೆಗೆಂದು ನನ್ನ ರೆಪ್ಪೆಯನ್ನು ನಾನೇ ಎಳೆದು ತೋರಿಸಿದೆ. ಕಾಕಿಯ ಪ್ರಕಾರ, ಅವಳೇ ನನ್ನ ತಲೆ ಹಿಡಿದು "ಬಾ ಇಲ್ಲಿ ತಮ್ಮಾ, ನಿಂದೂ ನೋಡೂಣು" ಎಂದು ಬಲ್ಬಿನ ಕೆಳಗೆ ಎಳೆದಳು.

ಕಾಕಾ ಬಗ್ಗಿ ನೋಡಿದ. "ಅರೆ, ಇವಂದೂ ಬೆಳ್ಳಗ ಅದಲ! ಇವಂಗೂ ಒಂದ ಗುಟುಕು ಹಾಕೂಣೇನು?"

"ಮೊದಲ ಇವಂಗೇ ಹಾಕ್ರಿ. ಬಲ್ಬ್ ತಂದಾವ ಇವನೇ," ಎಂದಳು ಕಾಕಿ.

ಹೊರಗೆ ಇನ್ನೂ ಹೊತ್ತು ಮುಳುಗಿರಲಿಲ್ಲ. ಕುರಿಯನ್ನು ಬಾಗಿಲಾಚೆ ಎಳೆದು ನೋಡಿದೆವು. ರೆಪ್ಪೆಯೊಳಗೆ ಹಸಿ ಕೆಂಪು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಕಾಕಾ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಯಾಗಿ ಮುಚ್ಚಿದ.

ನಾನು ಪ್ರಖರತೆಯನ್ನಷ್ಟೇ ನೋಡಿದ್ದೆ. ಹಳೆಯ ಬಲ್ಬು ಕರೆಂಟು ತಿನ್ನುತ್ತಿತ್ತು, ಆದರೆ ಅದರ ಬೆಳಕಿನಲ್ಲಿ ಕೆಂಪು ಧಾರಾಳವಾಗಿತ್ತು. ನಾನು ತಂದದ್ದರಲ್ಲಿ ಕೆಂಪಿನ ಪಾಲು ತೀರಾ ಕಡಿಮೆ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ರೆಪ್ಪೆ ಎಲ್ಲಿಂದ ತಿರುಗಿಸಿ ಕಣ್ಣಿಗೆ ಕಳಿಸಬೇಕು? ಇದಕ್ಕೆ ಹಳದಿ ಬಲ್ಬಿಗೆ ಮರಳಬೇಕಿಲ್ಲ. ಬಣ್ಣಗಳನ್ನು ಸರಿಯಾಗಿ ತೋರಿಸುವ, ಅಷ್ಟೇ ವ್ಯಾಟಿನ ಎಲ್‌ಇಡಿ ಸಿಗುತ್ತದೆ. ಮರುದಿನವೇ ತಂದು ಹಾಕಿದೆ. ಕಾಕಾ ಮೊದಲು ನನ್ನ ರೆಪ್ಪೆ ನೋಡಿ, ಆಮೇಲೆ ಕುರಿಯದನ್ನು ನೋಡಿ, ತಲೆಯಾಡಿಸಿದ. ಈಗ ಯಾವ ಕಟ್ಟಡಕ್ಕೆ ಹೋದರೂ ವ್ಯಾಟ್ ಎಣಿಸುವ ಮೊದಲು, ಈ ಬೆಳಕಿನಲ್ಲಿ ನೀವು ಏನನ್ನು ನೋಡುತ್ತೀರಿ ಎಂದು ಕೇಳುತ್ತೇನೆ.

ಕಾಕಿಯ ಹೆದರಿಕೆಗೆ ಆಧಾರವಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಹುಮನಾಬಾದಿನ ಪಶು ಔಷಧಿ ಅಂಗಡಿಯಲ್ಲಿ ಅದೇ ದವಾ ಕೇಳಿ ಪಡೆದು, ಅದರ ಚೀಟಿ ಓದಿದೆ. ಗಬ್ಬವಾದ ಮೊದಲ ತಿಂಗಳಲ್ಲಿ ಕುರಿಗೆ ಕುಡಿಸಬಾರದು ಎಂದು ಅಚ್ಚಾಗಿತ್ತು.