ಒರಳಿಲ್ಲದ ಗುಂಡು

ನಮ್ಮ ಮನೆಯ ಒರಳಿನ ಗುಂಡಿನ ಒಂದು ಕೆನ್ನೆ ಸವೆದಿದೆ. ಹುಚ್ಚೆಳ್ಳು, ಹುಣಸೆ, ಒಣಮೆಣಸಿನಕಾಯಿ ಅರೆದು ಅರೆದು ನುಣ್ಣಗಾದ ಕೆನ್ನೆ. ಮಧುಗಿರಿ ಬೆಟ್ಟದ ಬುಡದ ಹೊಲ ಉಳುವಾಗ ತಾತನಿಗೆ ಸಿಕ್ಕಿದ ಕಲ್ಲು ಅದು. ಸಾವಿರದ ಒಂಬೈನೂರ ಅರವತ್ತರ ಆಚೀಚೆ, ಹೊಸದಾಗಿ ಮೇಷ್ಟ್ರಾಗಿದ್ದ ನನಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ ನೋಡಿ. ಬೆಟ್ಟದ ಮೇಲಿನ ಕೋಟೆಯ ಕೆಳಗೆ ಸಿಕ್ಕ ಗುಂಡು ಫಿರಂಗಿಯದಲ್ಲದೆ ಮತ್ತೇನು? ಬೆಂಗಳೂರಿನಲ್ಲಿ ಯುದ್ಧದ ಹಳೆಯ ಸಾಮಾನುಗಳನ್ನಿಟ್ಟ ಸಂಗ್ರಹಾಲಯಕ್ಕೆ ಕೊಟ್ಟರೆ ಪಕ್ಕದಲ್ಲಿ ನಮ್ಮ ಮನೆತನದ ಹೆಸರು ಬರೆದಿಡುತ್ತಾರೆ ಎಂದು ತೀರ್ಮಾನಿಸಿಬಿಟ್ಟೆ.

“ಗುಂಡು ಕೊಟ್ಬುಟ್ಟು ಒರಳಾಗೆ ನಿನ್ ತಲೆ ಇಟ್ಟು ಅರೀಲೇನ್ಲಾ?” ಎಂದು ಅಮ್ಮ ಸಿಡುಕಿದಳು. ಸೊಸೆಯಾಗಿ ಬಂದ ದಿನ ಅತ್ತೆ ಅವಳ ಕೈಗೆ ಒಪ್ಪಿಸಿದ ಗುಂಡದು. ಕೊನೆಗೆ, “ಫಿರಂಗೀದು ಅಂತ ಅವ್ರಂದ್ರೆ ಕೊಡಾನ. ಇಲ್ದಿದ್ರೆ ನನ್ ಗುಂಡು ನನ್ ಜೊತೇಲೆ ವಾಪಸ್” ಎಂದು ಕರಾರು ಹಾಕಿ, ಕೊರಟಗೆರೆ ಮೇಲೆ ಹೋಗುವ ಬಸ್ಸಿನಲ್ಲಿ ಅದನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದಳು.

ಸಂಗ್ರಹಾಲಯದಲ್ಲಿ ಕತ್ತಿ, ಗುರಾಣಿ, ತುಪಾಕಿಗಳ ಮುಂದೆ ನಾನು ಪಾಠ ಒಪ್ಪಿಸುತ್ತಿದ್ದರೆ ಅಮ್ಮ ಒಂದು ಮೇಜಿನ ಹತ್ತಿರ ನಿಂತುಬಿಟ್ಟಳು. ಅದರ ಮೇಲೆ ನಮ್ಮದರ ಅವಳಿಯಂಥದೊಂದು ಕೂತಿತ್ತು. ‘ಕಲ್ಲಿನ ಗುಂಡು’ ಎಂದು ಶುರುವಾಗುವ ಚೀಟಿಯನ್ನು ನಾನೇ ಓದಿ ಹೇಳಿದೆ.

“ಗುಂಡೈತೆ, ಒರಳೆಲ್ಲಿ ಸ್ವಾಮಿ?” ಎಂದು ಅಲ್ಲಿನ ಗುಮಾಸ್ತರನ್ನು ಕೇಳಿದಳು.

“ಒರಳಿಂದಲ್ಲ ಕಣಮ್ಮ, ಫಿರಂಗಿಗೆ ತುಂಬಿ ಹೊಡೀತಿದ್ದಿದ್ದು.” ಅವರು ನಕ್ಕರು. ನಾನೂ ನಕ್ಕೆ, ಗೆದ್ದವನ ನಗು.

ಅಮ್ಮ ಬಗ್ಗಿ ನೋಡಿದಳು. “ಹೊಡೆದಿರ್ಬೌದು. ಆಮ್ಯಾಕೆ ಅರೆದೈತೆ. ಈ ಕೆನ್ನೆ ಸವೆದಿರಾದ್ ನೋಡಿ. ಯಾರ ಮನೇದೋ, ಪಾಪ, ಆಯಮ್ಮ ಈಗ ಹೆಂಗ್ ಅರೀತಾಳೋ!”

ಗುಮಾಸ್ತರು ಆ ಕೆನ್ನೆಯ ಮೇಲೆ ಬೆರಳಾಡಿಸಿ ನೋಡಿದರು. ನಮ್ಮ ಗುಂಡನ್ನು ಅದರ ಪಕ್ಕದಲ್ಲಿಟ್ಟು, ತಿರುಗಿಸಿ, “ಇದೂ ಫಿರಂಗೀದೇ ಮೇಷ್ಟ್ರೇ. ಕೊಡ್ತೀರಾ?” ಎಂದರು.

ಕರಾರು ಕರಾರೇ. ಅಮ್ಮ ಬರಿಗೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ನಾನು ಬಯಸಿದ್ದ ಚೀಟಿ ಒಂದೇ ಮಾತಿನಷ್ಟು ದೂರದಲ್ಲಿತ್ತು. ಆದರೆ, ಗೆಳೆಯರೇ, ಪಕ್ಕದ ಗುಂಡಿನ ಚೀಟಿಯಲ್ಲಿ ಅದು ಬಿದ್ದ ಕೋಟೆಯ ಹೆಸರಿತ್ತೇ ಹೊರತು ಅದರಿಂದ ಅರೆದವಳ ಹೆಸರಿರಲಿಲ್ಲ. ಎಂದೋ ಒಂದು ದಿನ ಗಾಳಿಯಲ್ಲಿ ಹಾರಿದ್ದನ್ನು ಚರಿತ್ರೆಯೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನಾನು, ಅದೇ ಕಲ್ಲು ಒರಳಿನಲ್ಲಿ ಸುತ್ತಿದ ಅಷ್ಟೊಂದು ವರ್ಷಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಇಲ್ಲ ಸಾರ್, ಇದಕ್ಕಿನ್ನೂ ಕೆಲಸ ಇದೆ” ಎಂದೆ.

“ಮೊದ್ಲೇ ಬಂದಿದ್ರೆ ಈ ಬುದ್ಧಿ, ಬಸ್ನಾಗೆ ನನ್ ತೊಡೆ ಉಳೀತಿತ್ತು ಕಣ್ಲಾ” ಎಂದಳು ಅಮ್ಮ. ವಾಪಸ್ಸು ಬರುವಾಗ ಅದು ನನ್ನ ತೊಡೆಯ ಮೇಲಿತ್ತು.

ಆ ಕೆನ್ನೆ ಈಗ ಇನ್ನಷ್ಟು ಸವೆದಿದೆ. ನಮ್ಮ ಮನೆಯಲ್ಲಿ ಗುಂಡಿನ ಸದ್ದು ಕೇಳಿದರೆ ಯಾರೂ ಓಡಿಹೋಗುವುದಿಲ್ಲ. ತಟ್ಟೆ ಹಿಡಿದು ಓಡಿಬರುತ್ತಾರೆ.